ಹೂ ಮಾರಿದಲ್ಲಿ ಹುಲ್ಲು

ಮದುವೆ ಹೂವಿನ ಮಾತಾಡಲು ನಮ್ಮ ಅಂಗಡಿಗೆ ಯಾರೂ ಒಬ್ಬರೇ ಬರುವುದಿಲ್ಲ. ಮದುಮಗಳು, ಅವಳ ಅಮ್ಮ, ಸೋದರತ್ತೆ, ಫೋನು ಹಿಡಿದುಕೊಂಡ ಚಿಕ್ಕಪ್ಪನ ಮಗಳು, ಇಷ್ಟು ಜನ ಒಳಗೆ. ಅಪ್ಪ ಮಾತ್ರ ಹೊರಗೆ, ಸ್ಕೂಟರಿನ ಪಕ್ಕ. ಅವರಿಗೆ ಹೂವಿನಲ್ಲಿ ಆಸಕ್ತಿ ಇಲ್ಲವೆಂದು ತಿಳಿಯಬಾರದು. ಒಳಗೆ ಬಣ್ಣ, ಪರಿಮಳ, ಅಲಂಕಾರ ಎಂದೆಲ್ಲ ಅರ್ಧ ಗಂಟೆ ಮಾತು ನಡೆದರೂ ಅವರು ರಸ್ತೆಯನ್ನೇ ನೋಡುತ್ತಿರುತ್ತಾರೆ. "ಎಷ್ಟಾಗುತ್ತೆ?" ಎಂದು ಯಾರಾದರೂ ಪಿಸುಗುಟ್ಟಿದರೆ ಸಾಕು, ಮರುಕ್ಷಣ ಗಲ್ಲಾಪೆಟ್ಟಿಗೆಯ ಮುಂದೆ ಪ್ರತ್ಯಕ್ಷ.

ಮಾತು ಶುರುವಾಗುವುದು ಫೋನಿನಿಂದ. "ಅಣ್ಣಾ, ಸೇಮ್ ಹೀಗೇ ಬೇಕು" ಎಂದು ಹುಡುಗಿ ಚಿತ್ರ ತೋರಿಸುತ್ತಾಳೆ. ಚಿತ್ರದಲ್ಲಿ ಪಿಯೋನಿ. ಅಂಗೈಯಗಲದ ಹೂವು, ಎಸಳಿನ ಮೇಲೆ ಎಸಳು, ಬಣ್ಣ ಇದೆಯೋ ಇಲ್ಲವೋ ಎನ್ನುವಷ್ಟು ನಸುಗೆಂಪು. ಪಿಯೋನಿ ಗಿಡ ಚೆನ್ನಾಗಿ ಹೂ ಬಿಡಬೇಕಾದರೆ ಚಳಿಗಾಲ ಪೂರ್ತಿ ಗಡಗಡ ನಡುಗಿರಬೇಕು. ಬೆಂಗಳೂರಿನ ಚಳಿಗೆ ನಾವು ಮಫ್ಲರು ಸುತ್ತಿಕೊಳ್ಳುತ್ತೇವೆ, ಪಿಯೋನಿಗೆ ಅದು ಚಳಿಯೇ ಅಲ್ಲ. ಹೀಗಾಗಿ ಅದು ವಿಮಾನ ಹತ್ತಿಯೇ ಬರಬೇಕು. ವಿಮಾನದ ಮಾತು ಬಂದ ಕೂಡಲೇ ಅಪ್ಪ ಒಳಗೆ ಬರುತ್ತಾರೆ, ಪಿಯೋನಿ ಹೊರಗೆ ಹೋಗುತ್ತದೆ. ಆ ಜಾಗಕ್ಕೆ ನಾನು ಲಿಸಿಯಾಂತಸ್ ತೋರಿಸುತ್ತೇನೆ, ಇಲ್ಲವೇ ನಾಲ್ಕಾರು ಕಾರ್ನೇಷನ್ನುಗಳನ್ನು ಒತ್ತಾಗಿ ಸೇರಿಸಿ ಹಿಡಿದು "ದೂರದಿಂದ ಹೀಗೇ ಕಾಣುತ್ತೆ" ಎನ್ನುತ್ತೇನೆ. ಮದುವೆ ಮನೆಯಲ್ಲಿ ಯಾರನ್ನೂ ಹತ್ತಿರದಿಂದ ನೋಡುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ ಎಂಬ ಧೈರ್ಯ ನನ್ನದು.

ಆಮೇಲೆ ಬಣ್ಣ. ಮೊದಲು ಮದುವೆಗೆ ಕೆಂಪು, ಹಳದಿ, ಬಿಳಿ ಎಂದು ಮೂರೇ ಬಣ್ಣ ಇದ್ದವು. ಈಗ ಪೀಚ್, ಬ್ಲಶ್, ಐವರಿ, ಡಸ್ಟಿ ಪಿಂಕ್, ಎಲ್ಲಕ್ಕೂ ಸೇರಿ ಪೇಸ್ಟಲ್ ಎಂಬ ಕುಲನಾಮ. ಇಲ್ಲಿ ಸೋದರತ್ತೆ ಬಾಯಿ ಹಾಕುತ್ತಾರೆ. "ಇದೇನಪ್ಪಾ, ತೊಳೆದು ತೊಳೆದು ಬಣ್ಣ ಬಿಟ್ಟ ಸೀರೆ ಥರ! ಹಸೆಮಣೆ ಹತ್ರ ಚೆಂಡುಹೂವಿಲ್ಲ, ಸುಗಂಧರಾಜ ಇಲ್ಲ ಅಂದ್ರೆ ಅದೊಂದು ಮದುವೇನಾ? ನಮ್ಮ ಸಂಪ್ರದಾಯ ಅಂತ ಒಂದು ಬೇಡವಾ?" ನಾನು ತಲೆಯಾಡಿಸುತ್ತೇನೆ. ಚೆಂಡುಹೂವಿನ ತವರು ಮೆಕ್ಸಿಕೋ. ಸುಗಂಧರಾಜದ ತವರೂ ಅದೇ. ಸೇವಂತಿಗೆ ಚೀನಾದ್ದು. ಒಂದು ಕಾಲದಲ್ಲಿ ಹಡಗು ಹತ್ತಿ ಬಂದ ಹೂವೇ ಈಗ ಅತ್ತೆಯವರ ಸಂಪ್ರದಾಯ. ಹಾಗೆಂದು ಅವು ಪರದೇಶಿಯಾಗಿಯೇನೂ ಉಳಿದಿಲ್ಲ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯಲ್ಲಿ ಬೆಳೆಸಿದ ಸುಗಂಧರಾಜದ ತಳಿಗಳಿಗೆ ಶೃಂಗಾರ್, ಪ್ರಜ್ವಲ್, ಸುವಾಸಿನಿ, ವೈಭವ್ ಎಂದು ನಾಮಕರಣವೇ ಆಗಿದೆ. ಒಂಟಿ ಸುತ್ತಿನ ಎಸಳಿನ ಶೃಂಗಾರ್, ಪ್ರಜ್ವಲ್ ಹಾರಕ್ಕೆ. ಸುತ್ತು ಹೆಚ್ಚಿರುವ ಸುವಾಸಿನಿ, ವೈಭವ್ ಕಡ್ಡಿಸಮೇತ ಹೂದಾನಿಗೆ, ಬೊಕೆಗೆ. ಮೆಕ್ಸಿಕೋದ ಗಡ್ಡೆಗೆ ನಮ್ಮ ಊರಿನಲ್ಲಿ ತೊಟ್ಟಿಲ ಶಾಸ್ತ್ರ ಆದಮೇಲೆ ಅದು ನಮ್ಮದೇ ಅಲ್ಲವೇ? ಅತ್ತೆಯವರ ವಾದ ಸರಿ, ಕಾರಣ ಮಾತ್ರ ಬೇರೆ. ಅದನ್ನು ಅವರಿಗೆ ಹೇಳುವುದಿಲ್ಲ. ಹೇಳಿದರೆ ಮುಂದಿನ ಮೆಕ್ಸಿಕೋ ಪಿಯೋನಿಯೇ ಏಕಾಗಬಾರದು ಎಂದು ಹುಡುಗಿ ಕೇಳುತ್ತಾಳೆ, ಅಪ್ಪ ಪುನಃ ಒಳಗೆ ಬರುತ್ತಾರೆ.

ಇಷ್ಟು ಹೊತ್ತೂ ಮೂಲೆಯಲ್ಲಿ ಕೂತು ಕೇಳುವ ಒಬ್ಬರು ನಮ್ಮಲ್ಲಿದ್ದಾರೆ, ಮೊಗ್ಗಿನ ಜಡೆ ಹೊಲಿಯುವ ಅಕ್ಕ. ಬಣ್ಣದ ಚರ್ಚೆಗೆ ಅವರು ತಲೆಯೆತ್ತುವುದಿಲ್ಲ. ಎಲ್ಲ ಮುಗಿದ ಮೇಲೆ ಎರಡೇ ಪ್ರಶ್ನೆ: "ಮುಹೂರ್ತ ಎಷ್ಟೊತ್ತಿಗೆ? ಕೂದಲು ಎಷ್ಟುದ್ದ?"

ಎರಡೂ ಬೇಕಾದ ಪ್ರಶ್ನೆಗಳೇ. ಬೆಳಗಿನ ಜಾವ ಬಿಡಿಸಿದ ದುಂಡುಮಲ್ಲಿಗೆ ಮೊಗ್ಗು ಅದೇ ದಿನ ಸಂಜೆಗೆ ಬಾಯಿ ಬಿಡುತ್ತದೆ. ಅದಕ್ಕೆ ಗೊತ್ತಿರುವುದು ತನ್ನ ಹೊತ್ತು ಮಾತ್ರ. ಪುರೋಹಿತರ ಪಂಚಾಂಗ ಅದಕ್ಕೆ ಅನ್ವಯಿಸುವುದಿಲ್ಲ. ಹತ್ತೂವರೆಯ ಮುಹೂರ್ತವಾದರೆ ಆವತ್ತಿನ ಬೆಳಗಿನ ಮೊಗ್ಗನ್ನೇ ತಂದು ಕೈ ಬೀಸಿ ಹೊಲಿದು ಮುಗಿಸಬಹುದು. ಆರು ಗಂಟೆಯ ಮುಹೂರ್ತವೆಂದರೆ ಹಿಂದಿನ ದಿನದ ಮೊಗ್ಗೇ ಗತಿ. ಅದನ್ನು ಬಾಳೆಲೆ ಹಾಸಿದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸಿನ ಪಕ್ಕ ಮಲಗಿಸಿ, ರಾತ್ರಿಯಿಡೀ ಅರಳಬೇಡ ಅರಳಬೇಡ ಎಂದು ಪುಸಲಾಯಿಸಬೇಕು. ಅರಳಿದರೇನಂತೆ, ಇನ್ನೂ ಚೆಂದ ಅಲ್ಲವೇ ಎಂದು ಕೇಳುವವರಿದ್ದಾರೆ. ಮುಡಿದ ಮಾಲೆಗೆ ಚೆಂದ, ಜಡೆಗಲ್ಲ. ಜಡೆಯ ಚೆಂದವಿರುವುದು ಸಾಲಿನಲ್ಲಿ. ಅರಳಿದರೆ ಸಾಲು ಮಸುಕಾಗಿ ಜಡೆ ಬರಿಯ ಬಿಳಿ ಮುದ್ದೆ. ತೀರಾ ಕಷ್ಟಕ್ಕೆ ಕಾಕಡ ಇದೆ. ಅದಕ್ಕೆ ಪರಿಮಳ ಅಷ್ಟಕ್ಕಷ್ಟೆ, ಆದರೆ ಸಹನೆ ಜಾಸ್ತಿ. ಮೊಗ್ಗಾಗಿ ಇರು ಎಂದರೆ ಇರುತ್ತದೆ. ಮಲ್ಲಿಗೆಯ ಹೆಸರಿನಲ್ಲಿ ಎಷ್ಟೋ ಮದುವೆಗಳನ್ನು ದಡ ಮುಟ್ಟಿಸಿದ್ದು ಈ ಕಾಕಡವೇ.

ಅಕ್ಕ ಹೊಲಿಯುವುದನ್ನು ಕೂತು ನೋಡಬೇಕು. ಮೊದಲು ಮೊಗ್ಗುಗಳನ್ನು ಗಾತ್ರದ ಪ್ರಕಾರ ಗುಡ್ಡೆ ಮಾಡುತ್ತಾರೆ. ದಪ್ಪನೆಯವು ಕುತ್ತಿಗೆಯ ಕಡೆಗೆ, ಇಳಿಯುತ್ತ ಇಳಿಯುತ್ತ ಸಣ್ಣವು. ಕೂದಲಿನ ಉದ್ದಕ್ಕೆ ಕತ್ತರಿಸಿದ ಬಾಳೆಪಟ್ಟೆ ತೊಡೆಯ ಮೇಲೆ. ಸೂಜಿ ತೊಟ್ಟಿನ ಬಳಿ ಹೋಗಬೇಕು, ಮೊಗ್ಗಿನ ಹೊಟ್ಟೆಗೆ ತಾಗಬಾರದು. ತಾಗಿದ ಮೊಗ್ಗು ಗಂಟೆಯೊಳಗೆ ಕಂದುತ್ತದೆ. ಒಂದು ಸಾಲು ಬಲಕ್ಕೆ ಬಾಗಿದರೆ ಮುಂದಿನದು ಎಡಕ್ಕೆ. ನಡುನಡುವೆ ಕನಕಾಂಬರದ ಗೆರೆ. ಕನಕಾಂಬರಕ್ಕೆ ವಾಸನೆಯಿಲ್ಲ, ಆದರೆ ಅದಿಲ್ಲದಿದ್ದರೆ ಮಲ್ಲಿಗೆಯ ಬಿಳುಪು ಎದ್ದು ಕಾಣುವುದಿಲ್ಲ. ಮಧ್ಯೆ ಫೋನು ಬಂದರೆ ಅಕ್ಕ ಎತ್ತುವುದಿಲ್ಲ. ಹಲ್ಲಿನಲ್ಲಿ ದಾರ ಇರುತ್ತದೆ.

ಇಷ್ಟೆಲ್ಲ ಆದಮೇಲೆ ಜಡೆ ಇರುವುದು ಬೆನ್ನಿನಲ್ಲಿ, ಮದುಮಗಳಿಗೇ ಕಾಣುವುದಿಲ್ಲ. ಹಿಂದಿನವರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಫೋಟೋ ಸ್ಟುಡಿಯೋದಲ್ಲಿ ಹುಡುಗಿಯ ಹಿಂದೆ ಆಳೆತ್ತರದ ಕನ್ನಡಿ ನಿಲ್ಲಿಸಿ, ಮುಖ ಮುಂದೆ, ಜಡೆ ಕನ್ನಡಿಯಲ್ಲಿ. ಹಳೇ ಮೈಸೂರು ಕಡೆಯ ಯಾವ ಮನೆಯ ಆಲ್ಬಂ ತೆರೆದರೂ ಇಂಥದ್ದೊಂದು ಪಟ ಸಿಕ್ಕೇ ಸಿಗುತ್ತದೆ. ಹುಡುಗಿ ಬೆದರಿದ ಮುಖ ಮಾಡಿರುತ್ತಾಳೆ, ಜಡೆ ಮಾತ್ರ ನಿರಾಳವಾಗಿರುತ್ತದೆ. ಈಗ ಆಕಾಶದಿಂದ ಡ್ರೋನು ಬಂದು ಬೆನ್ನನ್ನೂ ಹಿಡಿಯುತ್ತದೆ. ಆದರೆ ಆರತಕ್ಷತೆಯ ದಿನ ವೇದಿಕೆಯ ಮೇಲೆ ಸಿಂಹಾಸನದಂಥ ಕುರ್ಚಿ ಹಾಕುತ್ತಾರಲ್ಲ, ಜಡೆಗೆ ಅದಕ್ಕಿಂತ ದೊಡ್ಡ ವೈರಿಯಿಲ್ಲ. ನಿಂತು ನಿಂತು ಸುಸ್ತಾದ ಹುಡುಗಿ ಒಮ್ಮೆ ಹಾಯಾಗಿ ಒರಗಿದಳೆಂದರೆ ಅಕ್ಕನ ಅರ್ಧ ದಿನದ ಕೆಲಸ ಚಪ್ಪಟೆ. "ಒರಗಬೇಡಮ್ಮಾ, ನಿನ್ನ ಗಂಡನ ಕಡೆಗೆ ಬೇಕಾದ್ರೆ ವಾಲ್ಕೋ" ಎಂದು ಅಕ್ಕ ಹೇಳಿ ಕಳಿಸುತ್ತಾರೆ.

ಅಳತೆಯ ವಿಷಯವೇ ಬೇರೆ ಪುರಾಣ. ಬೆಂಗಳೂರಿನಲ್ಲಿ ಕಟ್ಟಿದ ಹೂವಿಗೆ ಮೊಳ ಮತ್ತು ಮಾರು. ಮೊಳವೆಂದರೆ ಮೊಳಕೈಯಿಂದ ಬೆರಳ ತುದಿಯವರೆಗೆ. ಯಾರ ಮೊಳಕೈ ಎಂಬುದು ಕಾನೂನಿನಲ್ಲಿಲ್ಲ. ಶ್ರಾವಣ ಬಂದು ವರಮಹಾಲಕ್ಷ್ಮಿ ಹಬ್ಬ ಹತ್ತಿರವಾದಂತೆ ಊರಿನ ಹೂವಾಡಗಿತ್ತಿಯರ ಕೈಗಳು ಗಿಡ್ಡವಾಗುತ್ತವೆ. ಉಡುಪಿ ಕಡೆಯವರ ಲೆಕ್ಕ ಹಾಗಲ್ಲ. ಶಂಕರಪುರದ ಮಲ್ಲಿಗೆಗೆ ಚೆಂಡು ಮತ್ತು ಅಟ್ಟೆಯ ಅಳತೆ: ಎಂಟುನೂರು ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದರೆ 3200 ಹೂವು. ಬಾಳೆನಾರಿನಲ್ಲಿ ಕಟ್ಟಿ ಬರುತ್ತದೆ. ಆಯಾ ದಿನದ ದರ ಆಯಾ ದಿನವೇ ಗೊತ್ತಾಗುತ್ತದೆ, ಊರಿಗೆಲ್ಲ ಒಂದೇ ದರ, ಚೌಕಾಸಿಗೆ ಜಾಗವಿಲ್ಲ. ಕರಾವಳಿಯ ಮದುಮಗಳಿಗೆ ಜಡೆಗಿಂತ ತಲೆತುಂಬ ಅಟ್ಟೆ ಮುಖ್ಯ. ಬೆಂಗಳೂರಿನಲ್ಲಿ ಮದುವೆ ಇಟ್ಟುಕೊಂಡ ಉಡುಪಿಯ ಸಂಸಾರ ಒಂದು ನಮ್ಮ ಮಲ್ಲಿಗೆಯನ್ನು ಮೂಸಿ ನೋಡಿ, ಬಹಳ ಮರ್ಯಾದೆಯಿಂದ "ಇರ್ಲಿ ಮಾರಾಯ್ರೆ, ನಾವು ರಾತ್ರಿ ಬಸ್ಸಲ್ಲಿ ತರಿಸ್ತೇವೆ" ಎಂದಿತು. ಹೂವಿಗೂ ಭೌಗೋಳಿಕ ಸೂಚಕ ಸಿಗುತ್ತದೆ ಎಂಬುದು ನೆನಪಿರಲಿ. ಉಡುಪಿ, ಮೈಸೂರು, ಹಡಗಲಿ, ಮೂರೂ ಮಲ್ಲಿಗೆಗಳಿಗೆ ಅದು ಸಿಕ್ಕಿದೆ. ಮೂರೂ ಕಡೆಯವರು ಒಂದೇ ಛತ್ರದಲ್ಲಿ ಬೀಗರಾದರೆ ಊಟದ ಮೆಣಸಿನಕಾಯಿಗಿಂತ ಹೆಚ್ಚಿನ ಖಾರ ಹೂವಿನ ವಿಷಯದಲ್ಲೇ ಏಳುತ್ತದೆ.

ಹೂವು ಕೊಳ್ಳಲು ನನಗೆ ಎರಡು ದಾರಿ. ಒಂದು ಕೆ.ಆರ್. ಮಾರ್ಕೆಟ್. ಊರು ಮಲಗಿರುವಾಗ ಅಲ್ಲಿ ಜಾತ್ರೆ. ಗೋಣಿಯಿಂದ ಸುರಿದ ಸೇವಂತಿಗೆಯ ಗುಡ್ಡ, ಚೆಂಡುಹೂವಿನ ಬೆಟ್ಟ, ನಡುವೆ ಕಾಲಿಡಲು ಜಾಗವಿಲ್ಲದಷ್ಟು ಕೆಸರು ಮತ್ತು ಕೂಗು. ಇನ್ನೊಂದು ಹೆಬ್ಬಾಳದ ಹೂವಿನ ಹರಾಜು ಕೇಂದ್ರ. ಅಲ್ಲಿ ಕೂಗೇ ಇಲ್ಲ. ಸುತ್ತಲಿನ ಪಾಲಿಹೌಸುಗಳ ಗುಲಾಬಿ, ಜರ್ಬೆರಾ, ಕಾರ್ನೇಷನ್ ಕಟ್ಟುಗಳು ಸಾಲಾಗಿ ಬರುತ್ತವೆ, ಡಚ್ಚರ ಪದ್ಧತಿ. ಬೆಲೆ ಮೇಲಿಂದ ಶುರುವಾಗಿ ಇಳಿಯುತ್ತ ಬರುತ್ತದೆ, ಮೊದಲು ಗುಂಡಿ ಒತ್ತಿದವನಿಗೆ ಹೂವು. ಬೇಗ ಒತ್ತಿದರೆ ಕಾಸು ಹೋಯಿತು, ತಡೆದರೆ ಹೂವು ಹೋಯಿತು. ಈ ಪದ್ಧತಿ ಹಾಲೆಂಡಿನವರದು ಎನ್ನುತ್ತಾರೆ, ಆದರೆ ನಮ್ಮ ಮದುವೆ ಹೆಣ್ಣಿನ ಅಪ್ಪಂದಿರಿಗೆ ಇದು ಹುಟ್ಟಿನಿಂದಲೇ ಸಿದ್ಧಿಸಿದೆ. ನಾನು ರೇಟು ಹೇಳುತ್ತೇನೆ. ಅವರು ಏನೂ ಹೇಳುವುದಿಲ್ಲ. ಗೋಡೆಯ ಮೇಲಿನ ದೇವರ ಪಟ ನೋಡುತ್ತಾರೆ. ನಾನೇ ಸ್ವಲ್ಪ ಇಳಿಸುತ್ತೇನೆ. ಅವರು ಕ್ಯಾಲೆಂಡರು ನೋಡುತ್ತಾರೆ. ಇನ್ನೂ ಸ್ವಲ್ಪ ಇಳಿಸುತ್ತೇನೆ. ಮೌನದಲ್ಲಿ ಬೆಲೆ ಇಳಿದು ಇಳಿದು ಸರಿಯಾದ ಗೆರೆಗೆ ಬಂದಾಗ "ಆಯ್ತು, ಮಾಡಿ" ಎಂದು ಗುಂಡಿ ಒತ್ತುತ್ತಾರೆ.

ಕೈಗೆ ಹಿಡಿಯುವ ಬೊಕೆ ಎಂದರೆ ನಮ್ಮಲ್ಲಿ ಬಹುತೇಕ ಚರ್ಚಿನ ಮದುವೆ. ಮಂಗಳೂರು ಕಡೆಯ ಕ್ರೈಸ್ತ ಕುಟುಂಬಗಳು ಇದಕ್ಕೆ ಬಂದರೆ ನನಗೆ ಖುಷಿ. ಅವರಿಗೆ ಏನು ಬೇಕೆಂದು ಗೊತ್ತಿರುತ್ತದೆ. "ಬಿಳಿ ಮಾತ್ರ" ಎನ್ನುತ್ತಾರೆ. ಅದೇ ಹೊತ್ತಿಗೆ ಪಕ್ಕದಲ್ಲಿ ನಿಂತ ಇನ್ನೊಂದು ಸಂಸಾರ, ಸುಗಂಧರಾಜದ ಹಾರಕ್ಕೆ ಬಂದವರು, "ಬರೀ ಬಿಳಿ ಮಾತ್ರ ಬೇಡ, ನಡುವೆ ಕೆಂಪು ಗುಲಾಬಿ ಇರಲೇಬೇಕು" ಎನ್ನುತ್ತಾರೆ. ಬರೀ ಬಿಳಿ ಹಾರ ಎಲ್ಲಿಗೆ ಹೋಗುತ್ತದೆಂದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಮ್ಮ ಅಂಗಡಿಯಲ್ಲಿ ಎರಡೂ ಸಿಗುತ್ತವೆ. ಆದ್ದರಿಂದ ಫೋನಿನಲ್ಲಿ ಆರ್ಡರು ಕೊಡುವವರಿಗೆ ನನ್ನ ಮೊದಲ ಪ್ರಶ್ನೆ "ಸಮಾರಂಭ ಯಾವುದು ಸಾರ್?"

ಬೊಕೆ ಕಟ್ಟುವುದು ನೋಡಲು ಸುಲಭ. ಎಡಗೈಯಲ್ಲಿ ಒಂದು ಕಡ್ಡಿ ಹಿಡಿದು, ಮುಂದಿನದನ್ನು ಓರೆಯಾಗಿ ಇಟ್ಟು, ಎಲ್ಲವನ್ನೂ ಒಂದೇ ದಿಕ್ಕಿಗೆ ಓರೆ ಮಾಡುತ್ತ ಕೈಯಲ್ಲೇ ತಿರುಗಿಸುತ್ತ ಹೋಗಬೇಕು. ಒಂದು ಕಡ್ಡಿ ದಿಕ್ಕು ತಪ್ಪಿದರೂ ಗುಂಡಗೆ ನಿಲ್ಲುವುದಿಲ್ಲ. ಕಟ್ಟಿದ ಮೇಲೆ ಕೆಳಗಿನ ಕಡ್ಡಿಗಳು ಸುರುಳಿಯಾಗಿ ಕಾಲು ಚಾಚುತ್ತವೆ. ಲಿಲ್ಲಿ ಇದ್ದರೆ ಅದರ ಒಡಲಿನ ಕಂದು ಪರಾಗದ ಕುಚ್ಚನ್ನು ಮೊದಲೇ ಕಿತ್ತುಹಾಕಬೇಕು. ಅದು ಬಿಳಿ ಗೌನಿಗೆ ತಾಗಿದರೆ ಅರಿಶಿನದ ಕಲೆಯೇ ವಾಸಿ. ಕಡ್ಡಿಗಳನ್ನು ಚೆನ್ನಾಗಿ ಒರೆಸಿ ಆಮೇಲೆ ರಿಬ್ಬನ್ನು. ಇಷ್ಟೆಲ್ಲ ಮಾಡಿ ಕೈಗೆ ಕೊಟ್ಟರೆ ಹುಡುಗಿ ಗಾಬರಿಯಲ್ಲಿ ಅದನ್ನು ಗಲ್ಲದವರೆಗೆ ಎತ್ತಿಕೊಳ್ಳುತ್ತಾಳೆ. ಮೈಕಿನ ಮುಂದೆ ಭಾಷಣಕ್ಕೆ ನಿಂತವಳಂತೆ ಕಾಣುತ್ತಾಳೆ. "ಹೊಕ್ಕುಳ ಮಟ್ಟಕ್ಕೆ ಹಿಡಿಯಮ್ಮಾ, ಮುಖಾನೂ ಕಾಣ್ಲಿ" ಎನ್ನಬೇಕಾಗುತ್ತದೆ. ಕೊನೆಯಲ್ಲಿ ಗೆಳತಿಯರ ಕಡೆಗೆ ಎಸೆಯಲೆಂದು ಇನ್ನೊಂದು ಪುಟ್ಟ ಬೊಕೆ ಬೇರೆ. "ಎಸೆಯೋದಕ್ಕೂ ದುಡ್ಡಾ?" ಎಂಬ ಪ್ರಶ್ನೆಗೆ ಜಾತಿ ಮತದ ಭೇದವಿಲ್ಲ. ಎಲ್ಲ ಅಪ್ಪಂದಿರೂ ಕೇಳುತ್ತಾರೆ.

ಒಂದಕ್ಕೆ ಎರಡು ಬೊಕೆ ಎಂಬುದು ನನ್ನ ದುರಾಸೆಯ ಆವಿಷ್ಕಾರವಲ್ಲ, ದೊಡ್ಡವರ ಮನೆಯ ಪದ್ಧತಿ. 1947ರಲ್ಲಿ ಇಂಗ್ಲೆಂಡಿನ ರಾಜಕುಮಾರಿ ಎಲಿಜಬೆತ್‌ರ ಮದುವೆಯ ಬೆಳಗ್ಗೆ ಬೊಕೆಯೇ ಕಾಣೆಯಾಗಿತ್ತಂತೆ. ಅರಮನೆಯೆಲ್ಲ ಹುಡುಕಾಡಿದ ಮೇಲೆ ಒಬ್ಬ ಪರಿಚಾರಕ ಅದನ್ನು ಬಾಡಬಾರದೆಂದು ತಂಪು ಕಪಾಟಿನಲ್ಲಿ ಜೋಪಾನ ಮಾಡಿದ್ದು ತಿಳಿಯಿತು. 1981ರಲ್ಲಿ ಡಯಾನಾ ಮದುವೆಯ ಹೊತ್ತಿಗೆ ಹೂವಿನವರು ಬುದ್ಧಿವಂತರಾಗಿದ್ದರು. ಎರಡು ಬೊಕೆ ಕಟ್ಟಿ ಇಟ್ಟಿದ್ದರು. ಆ ಪರಿಚಾರಕನ ಮೇಲೆ ನನಗೆ ಪೂರ್ಣ ಸಹಾನುಭೂತಿ. ಹೂವನ್ನು ತಂಪಾಗಿಡಬೇಕೆಂದು ಅರಮನೆಯಲ್ಲಿ ತಿಳಿದಿದ್ದವನು ಅವನೊಬ್ಬನೇ.

ನಮ್ಮ ಛತ್ರಗಳಲ್ಲಿ ಅಂಥ ಒಬ್ಬ ಸಿಕ್ಕರೆ ನಾನು ಕೈಮುಗಿಯುತ್ತೇನೆ. ನಾವು ಒದ್ದೆ ಬಟ್ಟೆ ಮುಚ್ಚಿ ಜತನದಿಂದ ತಂದ ಹಾರಗಳನ್ನು ಎಲ್ಲಿಡುತ್ತಾರೆ ಗೊತ್ತೇ? ಉಗ್ರಾಣದಲ್ಲಿ, ಬಾಳೆಹಣ್ಣಿನ ಗೊನೆಯ ಪಕ್ಕ. ಮಾಗುತ್ತಿರುವ ಹಣ್ಣು ಎಥಿಲೀನ್ ಎಂಬ ಅನಿಲ ಬಿಡುತ್ತದೆ. ಅದು ಸೋಕಿದರೆ ಕಾರ್ನೇಷನ್ ಅರಳಿದ ಎಸಳನ್ನು ಮತ್ತೆ ಮಡಚಿಕೊಂಡು ನಿದ್ದೆ ಹೋಗುತ್ತದೆ, ಆರ್ಕಿಡ್ಡೂ ಸೊರಗುತ್ತದೆ. ಒಂದೇ ಬಾಳೆ, ಹಣ್ಣು ಹೂವಿಗೆ ಶತ್ರು, ನಾರು ಮಿತ್ರ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಯಿತೆಂದು ಗಾದೆ ಮಾಡಿದವರು ಹೂ ಕಟ್ಟಿದವರಲ್ಲ. ಕಟ್ಟಿದವರಾಗಿದ್ದರೆ ಟಿಕೆಟು ಯಾರು ಯಾರಿಗೆ ತೆಗೆದರೆಂದು ಗೊತ್ತಿರುತ್ತಿತ್ತು. ದಿಂಡೂ ಕಡಿಮೆಯದಲ್ಲ. ಮಂಟಪಕ್ಕೆ ಹೂ ಚುಚ್ಚಲು ಈಗ ಹಸಿರು ಇಟ್ಟಿಗೆಯಂಥ ಫೋಮು ಬಂದಿದೆ. ಅಮೆರಿಕದ ಸ್ಮಿದರ್ಸ್ ಎಂಬಾತ 1954ರಲ್ಲಿ ಕಂಡುಹಿಡಿದದ್ದು, ಓಯಸಿಸ್ ಎಂದು ಹೆಸರು. ನೀರು ಹೀರಿ ಹೂವಿಗೆ ಕುಡಿಸುತ್ತದೆ, ಆಮೇಲೆ ಮಣ್ಣಿಗೆ ಸೇರದೆ ಹಾಗೇ ಕೂತಿರುತ್ತದೆ. ನಮ್ಮ ಹಳಬರು ಬಾಳೆದಿಂಡಿಗೆ ಕಡ್ಡಿ ಚುಚ್ಚುತ್ತಿದ್ದರು. ಅದೂ ನೀರು ಕುಡಿಸುತ್ತಿತ್ತು. ಮದುವೆ ಮುಗಿದ ಮೇಲೆ ದಿಂಡನ್ನು ಹಸು ತಿನ್ನುತ್ತಿತ್ತು.

ಹಾರದ ಕಷ್ಟ ತೂಕದಲ್ಲಲ್ಲ, ಕೊರಳಿನ ಅಗಲದಲ್ಲಿ. ವರ ಮೈಸೂರು ಪೇಟ ಇಟ್ಟಿದ್ದರೆ ಹಾರದ ಬಾಯಿ ಪೇಟ ದಾಟುವಷ್ಟಿರಬೇಕು, ಆದರೆ ಭುಜದಿಂದ ಜಾರುವಷ್ಟಿರಬಾರದು. ಅಂತರಪಟ ಸರಿದು, ಜೀರಿಗೆ ಬೆಲ್ಲ ಬಿದ್ದು, ವಾಲಗ ಜೋರಾದ ಆ ಹೊತ್ತಿನಲ್ಲಿ ಗೆಳೆಯರು ವರನನ್ನು ಮೇಲಕ್ಕೆ ಎತ್ತುತ್ತಾರೆ. ಸೋದರಮಾವಂದಿರು ಸೋಲಬಾರದೆಂದು ವಧುವನ್ನು ಎತ್ತುತ್ತಾರೆ. ಕೆಳಗೆ ನಿಂತ ಎಲ್ಲರೂ ನಗುತ್ತಿರುತ್ತಾರೆ, ನಾನೊಬ್ಬ ಗಂಟು ನೋಡುತ್ತಿರುತ್ತೇನೆ. ಇಂಥ ಯಾವ ಚಿಂತೆಯೂ ಬೇಡವೆಂದರೆ ಹಾವೇರಿಯ ಏಲಕ್ಕಿ ಹಾರವಿದೆ. ಬಾಡುವುದಿಲ್ಲ, ಗೋಡೆಗೆ ತೂಗುಹಾಕಬಹುದು, ತೀರಾ ಬೇಕಾದರೆ ಪಾಯಸಕ್ಕೂ ಆದೀತು.

ಬಾಡದಿರುವುದರ ಮೇಲೆ ಜನಕ್ಕೆ ಈಚೆಗೆ ಮೋಹ ಹೆಚ್ಚು. 2021ರಲ್ಲಿ ಸರ್ಕಾರಿ ಸಮಾರಂಭಗಳಲ್ಲಿ ಹಾರ ತುರಾಯಿ ಬೇಡ, ಕನ್ನಡ ಪುಸ್ತಕ ಕೊಡಿ ಎಂಬ ಆದೇಶವಾಯಿತು. ಪುಸ್ತಕದಂಗಡಿ ಇಟ್ಟ ಗೆಳೆಯರೊಬ್ಬರು ಅಂದು ನನಗೆ ಕಾಫಿ ಕುಡಿಸಿದರು. ನಾನು ಬೇಸರ ಮಾಡಿಕೊಳ್ಳಲಿಲ್ಲ. ಓದದ ಪುಸ್ತಕ ಮತ್ತು ಬಾಡಿದ ಹೂವು ಕೊನೆಗೆ ಒಂದೇ ಮೂಲೆ ಸೇರುತ್ತವೆ, ಹೂವು ಸ್ವಲ್ಪ ಬೇಗ ಸೇರುತ್ತದೆ. ಮದುವೆಯ ಕರೆಯೋಲೆಗಳಲ್ಲೂ "ಆಶೀರ್ವಾದವೇ ಉಡುಗೊರೆ" ಎಂದು ಅಚ್ಚಾಗುತ್ತದೆ. ಆಶೀರ್ವಾದ ಬರಿಗೈಯಲ್ಲಿ ಮಾಡುವುದು ಹೇಗೆಂದು ಹೊಳೆಯದೆ ಹಲವರು ಬೊಕೆಯನ್ನೇ ತರುತ್ತಾರೆ, ಅದು ನನ್ನ ಪುಣ್ಯ.

ಈ ಮೋಹದ ತುತ್ತತುದಿ ಎಂದರೆ ಪಂಪಾಸ್ ಹುಲ್ಲು. ದಕ್ಷಿಣ ಅಮೆರಿಕದ ಬಯಲಿನದು. ಕಬ್ಬಿನ ಸೂಲಂಗಿಯನ್ನು ನೆನಪಿಸುವ ಬೂದುಬಿಳಿ ಕುಚ್ಚುಗಳು. ಒಣಗಿಸಿ, ಬಣ್ಣ ತೆಗೆದು, ಮಂಟಪದ ಎರಡೂ ಕಡೆ ನಿಲ್ಲಿಸಿದರೆ ಫೋಟೋದಲ್ಲಿ ಭಾರಿ ಗಮ್ಮತ್ತು. ರೇಟು ಕೇಳಿದ ಅಪ್ಪ ಒಬ್ಬರು, ಮಳವಳ್ಳಿ ಕಡೆಯ ರೈತರ ಮಗ, ಕುಚ್ಚನ್ನು ಕೈಯಲ್ಲಿ ಹಿಡಿದು ತುಂಬ ಹೊತ್ತು ನೋಡಿದರು. "ಇದನ್ನ ನಮ್ಮೂರಲ್ಲಿ ಹಸೂನೂ ಮೂಸಲ್ಲವಲ್ಲಪ್ಪ" ಎಂದರು. ಹೂ ಮಾರಿದ ಊರಿನಲ್ಲಿ ಹುಲ್ಲು ಮಾರಬಾರದೆಂದು ಹಿರಿಯರು ಹೇಳಿದ್ದು ಮರ್ಯಾದೆಯ ಪ್ರಶ್ನೆಯಾಗಿ. ಹುಲ್ಲಿನ ದರ ಹೂವನ್ನು ಮೀರುವ ಕಾಲ ಬಂದೀತೆಂದು ಪಾಪ ಅವರಿಗೇನು ಗೊತ್ತು. ನಾನೀಗ ಹೂ ಮಾರಿದ ಅದೇ ಅಂಗಡಿಯಲ್ಲಿ ಹುಲ್ಲು ಮಾರುತ್ತೇನೆ. ಮಾರುವುದೂ ಇಲ್ಲ, ಬಾಡಿಗೆಗೆ ಕೊಡುತ್ತೇನೆ. ಒಂದೇ ಹುಲ್ಲು ಎಷ್ಟೋ ಮದುವೆಗಳಲ್ಲಿ ನಿಂತು ಬಂದಿದೆ. ಮದುವೆ ಮನೆಯಲ್ಲಿ ಅದಕ್ಕೆ ಹೆದರುವವರು ಪುರೋಹಿತರೊಬ್ಬರೇ. "ಅದನ್ನ ಹೋಮಕುಂಡದಿಂದ ಈಚೆ ಇಡ್ರಪ್ಪಾ, ಮದುವೆ ಮಾಡಿಸೋಕೆ ಬಂದಿದೀನಿ, ಲಂಕಾದಹನಕ್ಕಲ್ಲ" ಎನ್ನುತ್ತಾರೆ.

ಲಾಭದ ದೃಷ್ಟಿಯಿಂದ ನಾನು ಹುಲ್ಲಿನ ಪಕ್ಷ ಸೇರಬೇಕು. ಆದರೆ ಹುಲ್ಲಿಗೆ ಬೆಳಗಿನ ಜಾವ ಎದ್ದು ಮಾರ್ಕೆಟ್ಟಿಗೆ ಓಡಬೇಕಿಲ್ಲ, ಐಸು ಬೇಡ, ಒದ್ದೆ ಬಟ್ಟೆ ಬೇಡ, ಜಡೆಯ ಅಕ್ಕನ ಎರಡು ಪ್ರಶ್ನೆಗಳೂ ಬೇಡ. ಯಾವಾಗ ಬೇಕಾದರೂ ನಿಲ್ಲಬಲ್ಲದ್ದಕ್ಕೆ ಯಾವ ಮುಹೂರ್ತವಾದರೇನು? ಮಲ್ಲಿಗೆಗೆ ಹಾಗಲ್ಲ. ಅದಕ್ಕೂ ಒಂದು ಹೊತ್ತಿದೆ, ಪುರೋಹಿತರ ಹೊತ್ತೂ ಒಂದಿದೆ, ಎರಡನ್ನೂ ಒಂದೇ ಗಳಿಗೆಗೆ ಕೂಡಿಸುವುದೇ ಈ ಕಸುಬು. ಉಳಿದದ್ದೆಲ್ಲ ಬಣ್ಣ, ರಿಬ್ಬನ್ನು.

ಆದ್ದರಿಂದ ಮದುವೆ ಹೂವಿಗೆ ಬರುವವರಲ್ಲಿ ನನ್ನದೊಂದು ವಿನಂತಿ. ಫೋನಿನ ಚಿತ್ರ ಆಮೇಲೆ ತೋರಿಸಿ. ಮೊದಲು ಗಂಟೆ ಹೇಳಿ, ತಿಂಗಳು ಹೇಳಿ. ಆ ತಿಂಗಳಲ್ಲಿ ನಿಮ್ಮ ಛತ್ರದಿಂದ ಒಂದು ರಾತ್ರಿಯ ಬಸ್ಸಿನ ದೂರದಲ್ಲಿ ಏನು ಅರಳುತ್ತದೋ ಅದೇ ನಿಮಗೆ ಒಪ್ಪುವ ಹೂವು. ಬಾಳೆಹಣ್ಣು ಬೇರೆ ಕೋಣೆಯಲ್ಲಿಡಿ. ಹುಡುಗಿಗೆ ಒರಗಬೇಡವೆನ್ನಿ. ಅಪ್ಪನವರನ್ನು ಮೊದಲೇ ಒಳಗೆ ಕರೆದುಕೊಂಡು ಬನ್ನಿ, ಫ್ಯಾನಿನ ಕೆಳಗೆ ಕುರ್ಚಿ ಹಾಕಿಸುತ್ತೇನೆ. ದೇವರ ಪಟ, ಕ್ಯಾಲೆಂಡರು ಎರಡನ್ನೂ ಈಗ ಅವರ ಬೆನ್ನ ಹಿಂದಿನ ಗೋಡೆಗೆ ಬದಲಾಯಿಸಿದ್ದೇನೆ.